ತೆರೆಯಲಿರುವ ನಿಲ್ದಾಣ

ಆ ಊರಿನಲ್ಲಿ 'ಮುಚ್ಚಿದೆ' ಎಂಬ ಮಾತನ್ನು ಯಾರೂ ಆಡುವಂತಿರಲಿಲ್ಲ. ರೈಲು ನಿಲ್ದಾಣದ ಬಾಗಿಲಿಗೆ ಬೀಗ ಬಿದ್ದು ಎಂಟು ವರ್ಷವಾಗಿತ್ತು. ಆದರೂ ಅದನ್ನು ತೆರೆಯಲಿರುವ ನಿಲ್ದಾಣ ಎಂದೇ ಕರೆಯಬೇಕಿತ್ತು. ಬಾಯಿತಪ್ಪಿ ಬೇರೆ ಮಾತು ಆಡಿದವರು ಊರ ಬಾವಿಯ ಕಟ್ಟೆಯ ಮೇಲೆ ಕೂತು ಎಲ್ಲರ ಎದುರಿಗೆ ಮೂರು ಸಲ ಬಾಯಿ ಮುಕ್ಕಳಿಸಬೇಕಿತ್ತು.

ಇದು ಚಿಕ್ಕ ಕಟ್ಟಳೆ. ದೊಡ್ಡ ಕಟ್ಟಳೆ ಇನ್ನೊಂದಿತ್ತು. ನಿಲ್ದಾಣ ತೆರೆಯುವ ತನಕ ಊರಿನಿಂದ ಯಾರೂ ಬೇರೆ ದಾರಿ ಹಿಡಿದು ಹೊರಗೆ ಹೋಗಕೂಡದು. ನಡೆದು ಹೋಗಕೂಡದು, ಗಾಡಿ ಕಟ್ಟಿಕೊಂಡು ಹೋಗಕೂಡದು. ಇದರ ಮರ್ಮವನ್ನು ಊರ ಯಜಮಾನ ಮೊದಲ ವರ್ಷವೇ ಬಿಡಿಸಿ ಹೇಳಿದ್ದ.

"ನಾವು ಕಾಲಿಗೆ ಬುದ್ಧಿ ಹೇಳಿದೆವು ಅನ್ನಿ, ಮೇಲಿನವರು ಏನಂತಾರೆ? ಇವರಿಗೆ ರೈಲಿಲ್ಲದೆಯೂ ನಡೆಯುತ್ತೆ ಅಂತಾರೆ. ಅಲ್ಲಿಗೆ ಮುಗೀತು. ನಮಗೆ ಅಗತ್ಯ ಇದೆ ಅಂತ ತೋರಿಸಬೇಕು. ಅಗತ್ಯ ತೋರಿಸೋದು ಅಂದರೆ ನಿಲ್ಲೋದು."

ಹಾಗಾಗಿ ಊರು ನಿಲ್ಲುತ್ತಿತ್ತು. ದಿನಾ ಬೆಳಗ್ಗೆ ಮಿಂದು, ಮಡಿ ಉಟ್ಟು, ಗಂಟು ಕಟ್ಟಿಕೊಂಡು ಪ್ಲಾಟ್‌ಫಾರಂ ಮೇಲೆ ಸಾಲಾಗಿ ನಿಲ್ಲುತ್ತಿತ್ತು. ಎಲ್ಲರ ಮುಖವೂ ಪೂರ್ವಕ್ಕೆ. ಹಿಂದೆ ರೈಲು ಬರುತ್ತಿದ್ದ ಹೊತ್ತಿಗೆ ಸರಿಯಾಗಿ ಗಂಟೆ ಮೂರು ಸಲ ಬಾರಿಸುತ್ತಿತ್ತು. ಆಗ ಎಲ್ಲರೂ ಗಂಟನ್ನು ತಲೆಗೆ ಏರಿಸುತ್ತಿದ್ದರು. ಹಿಂದೆ ರೈಲು ನಿಂತಿರುತ್ತಿದ್ದಷ್ಟು ಹೊತ್ತು, ಅಂದರೆ ಒಂದು ವೀಳ್ಯ ಮೆಲ್ಲುವಷ್ಟು ಹೊತ್ತು, ಹಾಗೇ ಇರುತ್ತಿದ್ದರು. ಆಮೇಲೆ ಗಂಟು ಇಳಿಸಿ, ಪಕ್ಕದವರ ಮುಖ ನೋಡಿ "ನಾಳೆ" ಎಂದು ಹೇಳಿ, ಮನೆಗೆ ಹೋಗಿ ಉಣ್ಣುತ್ತಿದ್ದರು.

ಕಟ್ಟಳೆ ಮುರಿದು ಹೋದವರೇ ಇರಲಿಲ್ಲವೆಂದಲ್ಲ. ಮೂರನೆಯ ವರ್ಷ ಒಬ್ಬ ಕುಂಬಾರ ಹೆಂಡತಿಯನ್ನು ಕರೆದುಕೊಂಡು ನಡೆದೇ ಹೋಗಿಬಿಟ್ಟ. ಊರಿನವರು ಅವನ ಮನೆಬಾಗಿಲಿಗೆ ಮಣ್ಣು ಮೆತ್ತಿದರು. ಅಂಥವನೊಬ್ಬ ಇದ್ದನೆಂಬುದನ್ನೇ ಮರೆತರು. ಅವನು ಸುಟ್ಟುಕೊಟ್ಟ ಮಡಕೆಗಳಲ್ಲಿ ಸಾರು ಕುದಿಸಿಕೊಳ್ಳುವುದನ್ನು ಮಾತ್ರ ಬಿಡಲಿಲ್ಲ.

ಗಂಟೆ ಬಾರಿಸುತ್ತಿದ್ದವಳಿಗೆ ಗಂಟೆಯಕ್ಕ ಎಂದು ಹೆಸರು. ಬೇರೆ ಹೆಸರು ಇದ್ದಿರಬೇಕು, ಕರೆಯುವವರು ಉಳಿದಿರಲಿಲ್ಲ. ಆ ಗಂಟೆ ಅಂದರೆ ಮಾಡಿನ ತೊಲೆಗೆ ತೂಗುಬಿಟ್ಟ ಒಂದು ಮೊಳದ ಹಳಿಯ ತುಂಡು. ಅದನ್ನು ಕಬ್ಬಿಣದ ಸುತ್ತಿಗೆಯಿಂದ ಹಿಂದೆ ಅವಳ ಅಪ್ಪ ಬಡಿಯುತ್ತಿದ್ದ. ಅವನು ಸತ್ತ ಮೇಲೆ ಇವಳು. ಗಂಡ, ಮಕ್ಕಳು ಯಾರೂ ಇರದ ಐವತ್ತರ ಹೆಂಗಸು. ಒಂದು ಮೇಕೆ ಸಾಕಿಕೊಂಡಿದ್ದಳು.

ಗಂಟೆ ಇದ್ದ ಮೂಲೆಯಿಂದ ಇಡೀ ಸಾಲು ಕಾಣುತ್ತಿತ್ತು. ನೋಡಿ ನೋಡಿ ಗಂಟೆಯಕ್ಕನಿಗೆ ಆ ಜನರ ಮೇಲೆ ಹೇಸಿಗೆ ಹುಟ್ಟಿತ್ತು. ಯಾರ ಗಂಟಿನಲ್ಲಿ ಏನಿದೆ ಎಂದು ಅವಳಿಗೆ ಗೊತ್ತಿತ್ತು. ಮೊದಲ ವರ್ಷ ಅದರಲ್ಲಿ ಬಟ್ಟೆಬರೆ ಇರುತ್ತಿತ್ತು, ಬುತ್ತಿ ಇರುತ್ತಿತ್ತು, ಬೀಗರಿಗೆ ಕೊಡಲು ಉಂಡೆ ಚಕ್ಕುಲಿ ಇರುತ್ತಿತ್ತು. ಈಗ ಹೊಟ್ಟು, ಹರಕು ಗೋಣಿ, ಹಗುರಾಗಿದ್ದರೆ ಸಾಕು ಅನ್ನುವಂಥದ್ದು. ಯಜಮಾನನದು ಗಂಟಲ್ಲ, ಟ್ರಂಕು. ಒಳಗೆ ಏನೂ ಇಲ್ಲ. ಆ ಖಾಲಿ ಟ್ರಂಕನ್ನು ಇಬ್ಬರು ಆಳುಗಳು ಏದುಸಿರು ಬಿಡುತ್ತಾ ಹೊತ್ತು ತರುತ್ತಿದ್ದರು. ಏದುಸಿರು ಚೆನ್ನಾಗಿ ಬಿಡುವವರನ್ನೇ ಅವನು ಆರಿಸಿಕೊಂಡಿದ್ದ.

"ಥೂ, ನಿಮ್ಮ ನಿಲುವಿಗಿಷ್ಟು," ಎಂದು ಮನಸ್ಸಿನಲ್ಲೇ ಉಗಿದು ಗಂಟೆಯಕ್ಕ ಸುತ್ತಿಗೆ ಎತ್ತುತ್ತಿದ್ದಳು. ಮೂರು ಪೆಟ್ಟು. ಗಂಟು ಮೇಲೆ. ಗಂಟು ಕೆಳಗೆ. ನಾಳೆ.

ವರ್ಷಕ್ಕೊಮ್ಮೆ ಚೈತ್ರದಲ್ಲಿ ಬೀಗದ ಅಧಿಕಾರಿ ಬರುತ್ತಿದ್ದ. ಎಂಟು ವರ್ಷದ ಹಿಂದೆ ಬಾಗಿಲಿಗೆ ಬೀಗ ಹಾಕಿದವನು ಅವನೇ. ಊರಿನ ಅಗತ್ಯ ಎಷ್ಟಿದೆ ಎಂದು ನೋಡಲು ಬರುತ್ತಿದ್ದ. ರಸ್ತೆಯ ಮೇಲೆ ಮೋಟಾರು ಕಾರಿನಲ್ಲಿ, ಧೂಳೆಬ್ಬಿಸಿಕೊಂಡು. ಊರಿನವರು ಆ ಧೂಳನ್ನು ಮೈಮೇಲಿಂದ ಒರೆಸಿಕೊಳ್ಳದೆ ಹಾಗೇ ನಿಂತು ಅವನಿಗೆ ಅಗತ್ಯ ತೋರಿಸುತ್ತಿದ್ದರು. ಅವನು ಸಾಲಿನ ಉದ್ದಕ್ಕೂ ನಡೆದು, ಒಂದೆರಡು ಗಂಟುಗಳನ್ನು ಬೆರಳಿನಿಂದ ಒತ್ತಿ ನೋಡಿ, "ಉತ್ತಮ. ಮುಂದಿನ ವರ್ಷ ತೆರೆಯುವ ಯೋಜನೆ ಇದೆ," ಎನ್ನುತ್ತಿದ್ದ. ಜನ ಚಪ್ಪಾಳೆ ತಟ್ಟುತ್ತಿದ್ದರು. ಕಾರಿನಲ್ಲಿ ಬಂದವನು ಕಾರಿನಲ್ಲೇ ಹೋಗುತ್ತಿದ್ದ. ಹೋಗುವ ದಾರಿಯೊಂದು ಅಲ್ಲಿದೆ ಎಂದು ಅವನ ಕಾರು ವರ್ಷ ವರ್ಷವೂ ತೋರಿಸಿಕೊಡುತ್ತಿತ್ತು. ನೋಡುವ ಕಣ್ಣು ಬೇಕಲ್ಲ.

ಸಾಲಿನ ಕೊನೆಯಲ್ಲಿ ಒಬ್ಬ ಹೆಂಗಸು ನಿಲ್ಲುತ್ತಿದ್ದಳು. ಅವಳನ್ನು ಲಂಗದವಳು ಎನ್ನುತ್ತಿದ್ದರು. ಹೊಲಿಗೆ ಅವಳ ಕಸುಬು. ನಿಲ್ದಾಣಕ್ಕೆ ಬೀಗ ಬೀಳುವ ಎರಡು ದಿನ ಮೊದಲು ಅವಳ ಮೂರು ವರ್ಷದ ಮಗಳು ಅಜ್ಜಿಯ ಜೊತೆ ಪೂರ್ವದ ಊರಿಗೆ ರೈಲಿನಲ್ಲಿ ಹೋಗಿದ್ದಳು, ನಾಲ್ಕು ದಿನ ಇದ್ದು ಬರಲೆಂದು. ಆ ನಾಲ್ಕು ದಿನ ಇನ್ನೂ ಮುಗಿದಿರಲಿಲ್ಲ. ಲಂಗದವಳು ಪ್ರತಿ ವರ್ಷ ಮಗಳಿಗೆ ಒಂದು ಲಂಗ ಹೊಲಿಯುತ್ತಿದ್ದಳು. ಅದೇ ವಯಸ್ಸಿನ ನೆರೆಮನೆ ಹುಡುಗಿಯನ್ನು ನಿಲ್ಲಿಸಿ ಅಳತೆ ತೆಗೆದು, ಪ್ರತಿ ವರ್ಷ ನಾಲ್ಕು ಬೆರಳು ಉದ್ದ ಮಾಡಿ. ಅದನ್ನೇ ಗಂಟು ಕಟ್ಟಿ ತರುತ್ತಿದ್ದಳು.

ಗಂಟೆಯಕ್ಕ ಅವಳನ್ನೂ ಬಿಟ್ಟಿರಲಿಲ್ಲ. ಪೂರ್ವದ ಊರು ಅರ್ಧ ದಿನದ ನಡಿಗೆ. ಹೆತ್ತ ಮಗುವಿಗಿಂತ ಯಜಮಾನನ ಕಟ್ಟಳೆ ದೊಡ್ಡದಾಯಿತೇ ಇವಳಿಗೆ? ಇವಳದೂ ಒಂದು ಬಗೆಯ ನಾಟಕ, ಉಳಿದವರಿಗಿಂತ ಸ್ವಲ್ಪ ಚೆಂದವಾಗಿ ಆಡುತ್ತಾಳೆ, ಅಷ್ಟೆ ಎಂದುಕೊಂಡಿದ್ದಳು.

ಎಂಟನೆಯ ವರ್ಷದ ಫಾಲ್ಗುಣದಲ್ಲಿ ಊರಿಗೆ ಸುಣ್ಣದ ಡಬ್ಬಗಳು ಬಂದವು. ನಿಲ್ದಾಣಕ್ಕೆ ಹೊಸ ಹೆಂಚು ಹೊದಿಸಿದರು, ಗೋಡೆ ಬಳಿದರು, ಬೆಂಚುಗಳಿಗೆ ಹಸಿರು ಬಣ್ಣ ಹಚ್ಚಿದರು. ಈ ಚೈತ್ರದಲ್ಲಿ ತೆರೆಯುವುದು ಖಂಡಿತ ಎಂದು ಡಂಗುರ ಸಾರಿದರು. ತೋರಣದ ಸಮಿತಿ, ಹಾರದ ಸಮಿತಿ, ಕತ್ತರಿಯ ಸಮಿತಿ ಎಂದು ಮೂರು ಸಮಿತಿಗಳಾದವು. ಕತ್ತರಿಯ ಸಮಿತಿಯವರು ಮಾತ್ರ ಮೂರು ಸಲ ಜಗಳವಾಡಿದರು.

ನಿಲ್ದಾಣ ತೆರೆಯುವ ಹಬ್ಬಕ್ಕೆ ಹನ್ನೊಂದು ದಿನ ಇರುವಾಗ ಗಂಟೆಯಕ್ಕನ ಮೇಕೆ ಹಗ್ಗ ಕಿತ್ತುಕೊಂಡಿತು. ಪ್ಲಾಟ್‌ಫಾರಂನ ಪೂರ್ವದ ತುದಿಯಲ್ಲಿ ಊರಿನ ಹೆಸರು ಬರೆದ ಹಲಗೆ ಇತ್ತು. ಅದರಾಚೆ ಯಾರೂ ಹೋಗುವಂತಿರಲಿಲ್ಲ. ಮೇಕೆಗೆ ಅದನ್ನು ಹೇಳಿದವರಿಲ್ಲ. ಅದು ಹಲಗೆ ದಾಟಿ, ಹಳಿಯ ನಡುವಿನ ಹುಲ್ಲು ಮೇಯುತ್ತಾ ತಿರುವಿನ ತನಕ ಹೋಗಿಬಿಟ್ಟಿತು. ಗಂಟೆಯಕ್ಕ ಅತ್ತಿತ್ತ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಂದೆಯೇ ಹೋದಳು.

ತಿರುವು ದಾಟಿದರೆ ಹಳಿ ಇರಲಿಲ್ಲ. ಜಲ್ಲಿಕಲ್ಲಿನ ದಿಬ್ಬ ಇತ್ತು, ಅದರ ಮೇಲೆ ಲಂಟಾನ ಬೆಳೆದಿತ್ತು, ನಟ್ಟನಡುವೆ ಆಳೆತ್ತರದ ಒಂದು ಹುತ್ತ ಎದ್ದಿತ್ತು. ಹುತ್ತ ಒಂದು ವರ್ಷದ್ದಲ್ಲ, ಎರಡು ವರ್ಷದ್ದೂ ಅಲ್ಲ. ಮೇಕೆ ಹುತ್ತದ ಬುಡಕ್ಕೆ ಮೈ ತಿಕ್ಕಿಕೊಳ್ಳುತ್ತಿತ್ತು.

ಗಂಟೆಯಕ್ಕ ಮೇಕೆಯನ್ನು ಎಳೆದುಕೊಂಡು ನೇರ ಯಜಮಾನನ ಮನೆಗೆ ಹೋದಳು. ಅವನು ಜಗಲಿಯ ಮೇಲೆ ಕನ್ನಡಿ ಮುಂದೆ ಕೂತು ಹೊಸ ರುಮಾಲು ಸುತ್ತಿ ನೋಡುತ್ತಿದ್ದ.

"ಯಜಮಾನ್ರೇ, ತಿರುವಿನಾಚೆ ಹಳಿ ಇಲ್ಲ."

"ಹಲಗೆ ದಾಟಿದೆಯಾ?" ಎಂದ ಅವನು, ಕನ್ನಡಿಯಿಂದ ಕಣ್ಣು ತೆಗೆಯದೆ.

"ದಾಟಿದೆ. ಹಳಿ ಇಲ್ಲ ಅಂತಿದೀನಿ. ಹುತ್ತ ಬೆಳೆದಿದೆ."

"ಗೊತ್ತು ಕಣಮ್ಮ. ತಲೆ ಎತ್ತಿ ನೋಡು."

ಅವಳು ತಲೆ ಎತ್ತಿದಳು. ಜಗಲಿಯ ಮಾಡನ್ನು ಹೊತ್ತಿದ್ದ ತೊಲೆಗಳು ಕಬ್ಬಿಣದವು. ಬಣ್ಣ ಬಳಿದಿದ್ದರು, ಆದರೆ ಹಳಿ ಹಳಿಯೇ. ಇಷ್ಟು ವರ್ಷ ಈ ಜಗಲಿಗೆ ಬಂದು ಹೋಗುತ್ತಾ ಅವಳೂ ತಲೆ ಎತ್ತಿ ನೋಡಿರಲಿಲ್ಲ.

"ನಮ್ಮ ಮನೆಯೊಂದೇ ಅಲ್ಲ," ಎಂದ ಯಜಮಾನ. "ಸುಮ್ಮನೆ ಬಿದ್ದು ತುಕ್ಕು ಹಿಡಿಯೋ ಮಾಲು. ಗೆದ್ದಲು ಹತ್ತೋದಿಲ್ಲ, ನೂರು ವರ್ಷ ಬಾಳಿಕೆ."

"ಜನಕ್ಕೆ ಹೇಳಬೇಕು."

ಯಜಮಾನ ಆಗ ಅವಳ ಕಡೆ ತಿರುಗಿದ. ಸಿಟ್ಟಿರಲಿಲ್ಲ, ದಡ್ಡ ಮಗುವನ್ನು ನೋಡುವ ನೋಟ. "ಜನಕ್ಕೆ ಗೊತ್ತಿಲ್ಲ ಅಂದುಕೊಂಡೆಯಾ? ಅವರಿಗೆ ರೈಲು ಬೇಕಾಗಿಲ್ಲ. ರೈಲು ಬಂದರೆ ಹತ್ತಬೇಕಾಗುತ್ತೆ. ಹತ್ತಿದರೆ ಎಲ್ಲಿಗಾದರೂ ಹೋಗಬೇಕಾಗುತ್ತೆ. ನಿಂತರೆ ಅದೊಂದೂ ಇಲ್ಲ. ನೀನು ಗಂಟೆ ಬಡಿ, ಸಾಕು."

ಗಂಟೆಯಕ್ಕ ಹಿಂದಿರುಗಿದಳು. ದಾರಿಯುದ್ದಕ್ಕೂ ಅವಳಿಗೆ ಒಂದು ಬಗೆಯ ಸಮಾಧಾನವೇ ಆಯಿತು. ತಾನು ಎಣಿಸಿದ್ದೇ ನಿಜ, ಇಡೀ ಊರೇ ಕಳ್ಳ. ಇಂಥವರಿಗೆ ನಿಜ ಹೇಳಿ ನಾಲಿಗೆ ಏಕೆ ಸವೆಸಬೇಕು? ಮರುದಿನ ಬೆಳಗ್ಗೆ ಎಂದಿಗಿಂತ ಜೋರಾಗಿ ಸುತ್ತಿಗೆ ಬೀಸಿದಳು. ಗಂಟುಗಳು ಮೇಲೇರುವುದನ್ನು ನೋಡಿ ತುಟಿಯ ಕೊನೆಯಲ್ಲಿ ನಕ್ಕಳು.

ಆ ದಿನ ಜನ ಚದುರಿದ ಮೇಲೆ ಲಂಗದವಳು ಗಂಟೆಯ ಮೂಲೆಗೆ ಬಂದಳು.

"ಅಕ್ಕಾ, ನೀವು ಹಳಿಯ ಹತ್ತಿರ ಇರೋರು. ನಿಮಗೆ ತಿಳಿದಿರುತ್ತೆ. ಈ ಸಲ ಬರುತ್ತೆ, ಅಲ್ವಾ?"

ಎಷ್ಟು ಚೆನ್ನಾಗಿ ನಟಿಸುತ್ತಾಳೆ ಇವಳು ಎಂದು ಗಂಟೆಯಕ್ಕನಿಗೆ ಅನ್ನಿಸಿತು. ಸುತ್ತಿಗೆಯನ್ನು ಗೂಡಿನಲ್ಲಿಡುತ್ತಾ, "ದಿನಾ ಗಂಟೆ ಬಡೀತಿದೀನಲ್ಲ, ಕೇಳಿಸ್ತಿಲ್ವಾ?" ಎಂದಳು.

"ಕೇಳಿಸುತ್ತೆ ಅಕ್ಕಾ," ಎಂದು ಲಂಗದವಳು ಮುಖ ಅರಳಿಸಿಕೊಂಡು ಹೋದಳು.

ಚೈತ್ರ ಬಂತು. ಬೀಗದ ಅಧಿಕಾರಿ ಬಂದ, ಕಾರಿನಲ್ಲಿ. ಜನ ಹೊಸಬಟ್ಟೆ ಉಟ್ಟು ನಿಂತಿದ್ದರು. ಬೆಳ್ಳಿಯ ತಟ್ಟೆಯಲ್ಲಿ ಕತ್ತರಿ ಬಂತು. ಅಧಿಕಾರಿ ಕೆಂಪು ಪಟ್ಟಿ ಕತ್ತರಿಸಿದ, ಜೇಬಿನಿಂದ ಬೀಗದ ಕೈ ತೆಗೆದು ಬಾಗಿಲು ತೆರೆದ. ಒಳಗೆ ಖಾಲಿ ಕೋಣೆ, ಹಸಿ ಸುಣ್ಣದ ವಾಸನೆ. ಜನ ಒಬ್ಬರ ಹಿಂದೊಬ್ಬರು ಹೊಸ್ತಿಲಿಗೆ ಕೈಮುಗಿದು ಒಂದು ಬಾಗಿಲಿನಿಂದ ಒಳಹೊಕ್ಕು ಇನ್ನೊಂದು ಬಾಗಿಲಿನಿಂದ ಹೊರಬಂದು ಮತ್ತೆ ತಮ್ಮ ತಮ್ಮ ಜಾಗದಲ್ಲಿ ನಿಂತರು.

"ಇವತ್ತಿನಿಂದ ನಿಮ್ಮ ನಿಲ್ದಾಣ ತೆರೆದಿದೆ," ಎಂದ ಅಧಿಕಾರಿ. ಚಪ್ಪಾಳೆ ಬಿತ್ತು.

ಸಾಲಿನ ಕೊನೆಯಿಂದ ಲಂಗದವಳ ದನಿ ಕೇಳಿತು. "ಸ್ವಾಮೀ, ರೈಲು ಎಷ್ಟು ಹೊತ್ತಿಗೆ?"

ಸುತ್ತಲಿನವರು ಶ್ ಎಂದರು. ಮದುವೆ ಮನೆಯಲ್ಲಿ ಯಾರೋ ಸಾವಿನ ಸುದ್ದಿ ಎತ್ತಿದಂತೆ ಮುಖ ಹಿಂಡಿದರು. ಅಧಿಕಾರಿ ಮಾತ್ರ ಬೇಸರಪಡಲಿಲ್ಲ.

"ನೋಡಮ್ಮ, ನಾವು ಹೇಳಿದ್ದು ನಿಲ್ದಾಣ ತೆರೀತೀವಿ ಅಂತ. ತೆರೆದಿದೀವಿ. ರೈಲಿನ ಮಾತು ಯಾರು ಆಡಿದ್ದರು? ಅದು ಬೇರೆ ಯೋಜನೆ. ಅದಕ್ಕೆ ಬೇರೆ ಅಗತ್ಯ ತೋರಿಸಬೇಕು." ನಂತರ ಯಜಮಾನನ ಕಡೆ ಬಾಗಿ, "ಈಕೆಗೊಂದು ಹಾರ ಹಾಕಿ. ಚೆನ್ನಾಗಿ ಕಾದಿದಾಳೆ," ಎಂದ.

ಹಾರದ ಸಮಿತಿಯವರು ಹಾರ ಹಾಕಿದರು. ಲಂಗದವಳು ಅದನ್ನು ತಡೆಯಲೂ ಇಲ್ಲ, ಮುಟ್ಟಲೂ ಇಲ್ಲ. ಅವಳ ಬಾಯಿ ಸ್ವಲ್ಪ ತೆರೆದಿತ್ತು. ಗಂಟೆಯಕ್ಕ ಆ ಮುಖ ನೋಡಿದಳು. ಅದರಲ್ಲಿ ನಟನೆ ಎಳ್ಳಷ್ಟೂ ಇರಲಿಲ್ಲ. ಅಷ್ಟು ದೊಡ್ಡ ಸಾಲಿನಲ್ಲಿ ನಿಜವಾಗಿ ರೈಲಿಗೆ ಕಾದವಳು ಅವಳೊಬ್ಬಳೇ ಎಂದು ಗಂಟೆಯಕ್ಕನಿಗೆ ಆಗ ಹೊಳೆಯಿತು.

ಯಜಮಾನ ರುಮಾಲು ಸರಿಮಾಡಿಕೊಂಡು ಕೈಸನ್ನೆ ಮಾಡಿದ. "ಹೂಂ, ಗಂಟೆ."

ಗಂಟೆಯಕ್ಕ ಸುತ್ತಿಗೆ ಎತ್ತಲಿಲ್ಲ. "ಯಾರು ಬರ್ತಿದಾರೆ ಅಂತ ಬಡೀಲಿ?" ಎಂದಳು. "ತಿರುವಿನಾಚೆ ಹಳಿ ಇಲ್ಲ. ನಿಮ್ಮ ಮನೆಗಳ ಮಾಡಿಗೆ ಹೋಗಿದೆ. ಅಲ್ಲೊಂದು ಹುತ್ತ ಇದೆ. ಹುತ್ತಕ್ಕೆ ಗಂಟೆ ಬಡೀಲಾ?"

ಯಾರೂ ಬೆಚ್ಚಲಿಲ್ಲ. ಅದೇ ಎಲ್ಲಕ್ಕಿಂತ ಅಸಹ್ಯ. ಒಬ್ಬ ಆಕಾಶ ನೋಡಿದ, ಒಬ್ಬಳು ಸೆರಗಿನ ಅಂಚು ನೀವಿಕೊಂಡಳು, ಆಳುಗಳು ಖಾಲಿ ಟ್ರಂಕನ್ನು ಭಾರವೆಂಬಂತೆ ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿದರು. ಒಬ್ಬ ಮುದುಕ ಮಾತ್ರ, "ಇಂಥ ಶುಭದಿನ ಇದನ್ನು ಹೇಳಬೇಕಿತ್ತೇ ತಾಯಿ?" ಎಂದು ನೊಂದುಕೊಂಡ.

ಲಂಗದವಳು ಸಾಲಿನಿಂದ ಹೊರಬಂದು ಗಂಟೆಯಕ್ಕನ ಎದುರು ನಿಂತಳು.

"ನಿಮಗೆ ಯಾವತ್ತಿಂದ ಗೊತ್ತಿತ್ತು, ಅಕ್ಕಾ?"

ಸುಳ್ಳು ಹೇಳಬಹುದಿತ್ತು. ಈಗ ತಿಳಿಯಿತು ಎನ್ನಬಹುದಿತ್ತು. "ಹನ್ನೊಂದು ದಿನದಿಂದ," ಎಂದಳು ಗಂಟೆಯಕ್ಕ.

"ನಾನು ಕೇಳಿದ ದಿನ?"

"ಗೊತ್ತಿತ್ತು."

"ಆದರೂ ಬಡಿದಿರಿ."

ಲಂಗದವಳು ಕೊರಳಿನ ಹಾರ ತೆಗೆದು ಹಸಿರು ಬೆಂಚಿನ ಮೇಲಿಟ್ಟಳು. ಪ್ಲಾಟ್‌ಫಾರಂನಿಂದ ಕೆಳಗಿಳಿದು, ಊರಿನ ಹೆಸರಿನ ಹಲಗೆ ದಾಟಿ, ಹಳಿಯ ಮೇಲೆ ಪೂರ್ವಕ್ಕೆ ನಡೆದಳು. ಹಿಂದಿನಿಂದ ಯಜಮಾನ "ಮಣ್ಣು ಕಲಸಿ!" ಎಂದು ಕೂಗಿದ. ಅವಳ ಮನೆಬಾಗಿಲಿಗೆ ಮೆತ್ತಲು.

ಗಂಟೆಯಕ್ಕನೂ ಇಳಿದಳು. ಲಂಗದವಳು ಕರೆದಿರಲಿಲ್ಲ. ಅವಳಿಂದ ಹತ್ತು ಹೆಜ್ಜೆ ಹಿಂದೆ, ಅಷ್ಟೇ ದೂರ ಉಳಿಸಿಕೊಂಡು ನಡೆದಳು. ಇಷ್ಟು ವರ್ಷ ಮೂಲೆಯಲ್ಲಿ ಕೂತು ಊರಿಗೆಲ್ಲ ಉಗಿದದ್ದು ನೆನಪಾಗಿ ಬಾಯಿ ಕಹಿಯಾಯಿತು. ಆ ಕಳ್ಳರು ಬರೀ ನಿಂತಿದ್ದರು. ನಿಲ್ಲಿಸಿದ್ದು ತನ್ನ ಗಂಟೆ.

ಹುತ್ತದ ಬಳಿ ಲಂಗದವಳು ಒಂದು ಗಳಿಗೆ ನಿಂತು ಅದನ್ನು ಬುಡದಿಂದ ತುದಿಯ ತನಕ ನೋಡಿದಳು. ಬಳಸಿಕೊಂಡು ಮುಂದೆ ಹೋದಳು. ಜಲ್ಲಿಕಲ್ಲು ಕಾಲಿಗೆ ಒತ್ತುತ್ತಿತ್ತು. ಹಬ್ಬವೆಂದು ಇಬ್ಬರೂ ಬರಿಗಾಲಲ್ಲಿ ಬಂದಿದ್ದರು. ಬಿಸಿಲೇರಿತು. ಒಂದು ಹಳ್ಳದ ಹತ್ತಿರ ಲಂಗದವಳು ಕೂತು ನೀರು ಕುಡಿದಳು, ಹಿಂದೆ ತಿರುಗದೆಯೇ ಹೇಳಿದಳು, "ಬನ್ನಿ, ಕುಡೀರಿ. ದೂರ ಯಾಕೆ ನಿಂತಿದೀರಿ?"

ಅಲ್ಲಿಂದ ಮುಂದೆ ಜೊತೆಯಲ್ಲಿ ನಡೆದರು.

ಸೂರ್ಯ ನೆತ್ತಿಯಿಂದ ಇಳಿಯುವ ಹೊತ್ತಿಗೆ ಪೂರ್ವದ ಊರಿನ ನಿಲ್ದಾಣ ಕಂಡಿತು. ಹೊಸ ಹೆಂಚು, ಹೊಸ ಸುಣ್ಣ. ಪ್ಲಾಟ್‌ಫಾರಂ ತುಂಬ ಜನ ಸಾಲಾಗಿ ನಿಂತಿದ್ದರು, ಕಾಲಬಳಿ ಗಂಟು, ಮುಖ ಪಶ್ಚಿಮಕ್ಕೆ. ಇಬ್ಬರು ಹೆಂಗಸರು ಹಳಿಯಿಲ್ಲದ ದಾರಿಯಲ್ಲಿ ನೇರ ಅವರ ಕಣ್ಣೆದುರಿಗೇ ನಡೆದು ಬಂದರು. ಬಂದವರನ್ನು ಕಂಡದ್ದೇ ಸಾಲಿಗೆ ಸಾಲೇ ಬೆನ್ನು ತಿರುಗಿಸಿತು.

ಲಂಗದವಳು ಬೆನ್ನುಗಳ ಉದ್ದಕ್ಕೂ ಓಡಿದಳು. ನಡುವೆ ಒಂದು ಗೂನುಬೆನ್ನನ್ನು ಗುರುತು ಹಿಡಿದು ನಿಂತಳು. "ಅವ್ವಾ!"

ಬೆನ್ನು ಅಲುಗಲಿಲ್ಲ. "ಯಾರೂ ಬಂದಿಲ್ಲ," ಎಂದಿತು ಮುದುಕಿಯ ದನಿ. "ರೈಲು ಬಂದಿಲ್ಲ. ರೈಲು ಬಾರದೆ ಯಾರೂ ಬರೋ ಹಾಗಿಲ್ಲ."

"ಅವ್ವಾ, ನಾನು. ನಡೆದು ಬಂದೆ."

"ನಡೆದು ಬಂದೋರು ಬಂದ ಹಾಗಲ್ಲ."

ಮುದುಕಿಯ ಪಕ್ಕ ನಿಂತಿದ್ದ ಹನ್ನೊಂದು ವರ್ಷದ ಹುಡುಗಿಯೊಬ್ಬಳು ಮಾತ್ರ ತಿರುಗಿದಳು. ತೆಳ್ಳಗೆ, ಉದ್ದಕ್ಕೆ, ಹುಬ್ಬು ಗಂಟುಹಾಕಿಕೊಂಡು. ಗುರುತಿದ್ದಂತೆ ಕಾಣಲಿಲ್ಲ. ಲಂಗದವಳ ಕೈ ಮುಂದೆ ಬಂದು ಗಾಳಿಯಲ್ಲೇ ನಿಂತಿತು. ಹುಡುಗಿ ಆ ಮುಖವನ್ನು ನೋಡಲಿಲ್ಲ, ಕೆಳಗೆ ಬಗ್ಗಿ ಇಬ್ಬರ ಕಾಲುಗಳನ್ನು ನೋಡಿದಳು. ಧೂಳು, ರಕ್ತ.

"ಆ ಊರಿಂದ ಇಲ್ಲಿ ತನಕ ನಡೀಬಹುದಾ?"

"ನಡೀಬಹುದು," ಎಂದಳು ತಾಯಿ.

"ಎಷ್ಟು ಹೊತ್ತು?"

"ಬೆಳಗ್ಗೆ ಹೊರಟೆವು. ಈಗ ಬಂದೆವು."

ಹುಡುಗಿ ಅಷ್ಟೇ ಹೊತ್ತೇ ಎಂಬಂತೆ ಅಜ್ಜಿಯ ಬೆನ್ನು ನೋಡಿದಳು, ಸಾಲಿನ ಬೆನ್ನುಗಳನ್ನೆಲ್ಲ ನೋಡಿದಳು. ಎಂಟು ವರ್ಷದ ದಿನಗಳನ್ನು ಅವಳು ಒಂದೊಂದಾಗಿ ಲೆಕ್ಕ ಹಾಕುತ್ತಿರುವಂತೆ ಗಂಟೆಯಕ್ಕನಿಗೆ ಕಂಡಿತು. ಆಮೇಲೆ ಹುಡುಗಿ ತನ್ನ ಗಂಟನ್ನು ಎತ್ತಿಕೊಳ್ಳದೆ ಪ್ಲಾಟ್‌ಫಾರಂನಿಂದ ಕೆಳಗೆ ಧುಮುಕಿದಳು.

ಗಂಟೆಯಕ್ಕನ ನಾಲಿಗೆಯ ಮೇಲೆ ಒಂದು ಮಾತು ಬಂದು ಕೂತಿತ್ತು. ಆ ಮುದುಕಿಗೆ, ಆ ಬೆನ್ನುಗಳಿಗೆ, ಎರಡೂ ಊರುಗಳಿಗೆ ಸೇರಿಸಿ ಉಗಿಯುವಂಥ ಮಾತು. ಬಾಯಿ ತೆರೆದದ್ದೂ ಆಯಿತು.

ಆಗ ಮುದುಕಿ, ಮುಖ ತಿರುಗಿಸದೆ, ಕತ್ತು ಅಲುಗಿಸದೆ, ತನ್ನ ಕಾಲಿನ ಚಪ್ಪಲಿಗಳನ್ನು ಒಂದೊಂದಾಗಿ ಬಿಚ್ಚಿ ಹಿಮ್ಮಡಿಯಿಂದ ಹಿಂದಕ್ಕೆ ತಳ್ಳಿದಳು. ಅವು ಅಂಚಿನಿಂದ ಜಾರಿ ಹುಡುಗಿಯ ಮುಂದೆ ಬಿದ್ದವು.

"ಹಾಕ್ಕೊಂಡು ಹೋಗು," ಎಂದಳು, ಪಕ್ಕದವರಿಗೆ ಕೇಳಿಸದಷ್ಟು ಮೆಲ್ಲಗೆ. "ಜಲ್ಲಿ ಚುಚ್ಚುತ್ತೆ."

ಗಂಟೆಯಕ್ಕ ಬಾಯಿ ಮುಚ್ಚಿದಳು. ಹುಡುಗಿ ಆ ದೊಡ್ಡ ಚಪ್ಪಲಿಗಳಲ್ಲಿ ಕಾಲು ತೂರಿಸಿದಳು. ಮೂವರೂ ನಿಲ್ದಾಣ ಬಳಸಿಕೊಂಡು ರಸ್ತೆಯ ಕಡೆ ಇಳಿದರು. ಚಪ್ಪಲಿ ಪಟಪಟ ಎನ್ನುತ್ತಿತ್ತು, ಮತ್ತೆ ಮತ್ತೆ ಕಳಚುತ್ತಿತ್ತು, ಹುಡುಗಿ ಮತ್ತೆ ಮತ್ತೆ ನಿಂತು ಹಾಕಿಕೊಳ್ಳುತ್ತಿದ್ದಳು. ಹಿಂದಿನಿಂದ ಯಾರೂ ಕರೆಯಲಿಲ್ಲ. ಬರಿಗಾಲಿನಲ್ಲಿ ನಿಂತಿದ್ದ ಮುದುಕಿ ಆ ಸದ್ದು ಕಿವಿಗೆ ಬೀಳುವಷ್ಟು ಹೊತ್ತೂ ಕೇಳಿಸಿಕೊಂಡಳು.